ಪಪ್ಪಾಯಿ ಬಿಟ್ಟ ಪುಣ್ಯ

ಪಪ್ಪಾಯಿ ಹಣ್ಣಿನ ಗುಣಗಳನ್ನು ನನ್ನಷ್ಟು ಕೇಳಿದವರು ದೂಧಗಂಗಾ ನದಿಯ ಈ ದಂಡೆಯಲ್ಲಿ ಇನ್ನೊಬ್ಬರು ಸಿಗಲಿಕ್ಕಿಲ್ಲ. ತಿಂದವರ ಮಾತಲ್ಲ, ಕೇಳಿದವರ ಮಾತು. ಅದರಲ್ಲಿ ಎ ಜೀವಸತ್ವವಿದೆ, ಕಣ್ಣಿಗೆ ಒಳ್ಳೆಯದು. ಸಿ ಜೀವಸತ್ವವಿದೆ, ಮೈಯಲ್ಲಿ ರೋಗದ ಜೊತೆ ಗುದ್ದಾಡುವ ಕಸುವು ತುಂಬುತ್ತದೆ. ನಾರು ಇದೆ, ಅದು ಎಲ್ಲಿಗೆ ಒಳ್ಳೆಯದೆಂದು ಮುಂದೆ ಹೇಳುತ್ತೇನೆ. ಕಾಯಿಯ ಹಾಲಿನಲ್ಲಿ ಪಪೇನ್ ಎಂಬುದೊಂದು ಇದೆ, ಅದು ತಿಂದ ಬೇಳೆಕಾಳನ್ನು ಮೆತ್ತಗೆ ಮಾಡಿ ಅರಗಿಸುತ್ತದೆ. ಬಸುರಿಯರು ಮಾತ್ರ ಕಾಯಿಯ ಹತ್ತಿರ ಹೋಗಬಾರದು. ಇಷ್ಟನ್ನು ನಾನು ನಿದ್ದೆಗಣ್ಣಿನಲ್ಲಿಯೂ ಒಪ್ಪಿಸಬಲ್ಲೆ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡೂ ಸಲ ವಿಜ್ಞಾನದಲ್ಲಿ ಬಿದ್ದ ನನಗೆ ಇದನ್ನೆಲ್ಲ ಕಲಿಸಿದವಳು ನನ್ನ ಹೆಂಡತಿ ಸುಲೋಚನಾ. ಅವಳು ಕಲಿತದ್ದು ಏಳನೆಯ ಇಯತ್ತೆ. ಅವಳ ಪಠ್ಯಪುಸ್ತಕ ಗೋಡೆಯ ಮೇಲಿನ ಕ್ಯಾಲೆಂಡರ್.

ನಮ್ಮ ಗಡಿಯ ಮನೆಗಳಲ್ಲಿ ಕ್ಯಾಲೆಂಡರ್ ಬರೀ ತಾರೀಖು ನೋಡುವುದಕ್ಕಲ್ಲ. ಮುಂದಿನ ಬದಿಗೆ ಅಷ್ಟಮಿ, ಚತುರ್ದಶಿ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಎಮ್ಮೆ ಗಬ್ಬ ಕಟ್ಟಿದ ದಿನ. ಹಿಂದಿನ ಬದಿಗೆ ರಾಶಿಫಲ, ಉಪವಾಸದ ಅಡುಗೆ, ಮನೆಮದ್ದು. ತಿಂಗಳು ಮುಗಿದೊಡನೆ ಬೇರೆಯವರು ಹಾಳೆ ಹರಿದು ಡಬ್ಬಿಯ ತಳಕ್ಕೆ ಹಾಸುತ್ತಾರೆ. ಸುಲೋಚನಾ ಹಾಳೆ ಹರಿದು, ತಿರುವಿ, ಓದಿ, ನನಗೂ ಓದಿ ಹೇಳಿ, ಆಮೇಲೆ ಹಾಸುತ್ತಿದ್ದಳು. ಮೊನ್ನೆ ಸೊಸೆ ವೈಶಾಲಿ ಜೋಳದ ಹಿಟ್ಟಿನ ಡಬ್ಬಿ ತೊಳೆಯಲು ತೆಗೆದಾಗ ಅಂಥದೊಂದು ಹಾಳೆ ಹೊರಗೆ ಬಂತು. ಮೇಲೆ ಪಪ್ಪಾಯಿಯ ಚಿತ್ರ, ಕೆಳಗೆ ಅದರ ಗುಣಗಾನ, ಅಂಚಿಗೆ ಒಂದು ಅರಿಸಿನದ ಹೆಬ್ಬೆರಳ ಗುರುತು. ನಾನು ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ಸುಲೋಚನಾ ಹೋಗಿ ಹದಿನಾಲ್ಕು ತಿಂಗಳಾಯಿತು. ಅತ್ತು ಬರೆಯುವುದು ನನಗೆ ಬರುವುದಿಲ್ಲ. ಆದ್ದರಿಂದ ನಾನು ಮಾಡಿದ ಒಂದು ಲಬಾಡಿತನವನ್ನು, ಅಂದರೆ ಠಕ್ಕನ್ನು, ಅವಳು ಮಾಡಿದ ಅದಕ್ಕಿಂತ ದೊಡ್ಡ ಲಬಾಡಿತನವನ್ನು ಹೇಳಿಬಿಡುತ್ತೇನೆ.

ನನ್ನ ಹೆಸರು ಭರಮಣ್ಣ. ಸದಲಗಾ ಹತ್ತಿರದ ನಮ್ಮೂರ ಹಾಲಿನ ಡೇರಿಯಲ್ಲಿ ಮೂವತ್ತು ವರ್ಷ ಫ್ಯಾಟ್ ನೋಡುವ ಕೆಲಸ ಮಾಡಿದವನು. ಅಂದರೆ ಜನ ತಂದ ಹಾಲಿನಲ್ಲಿ ಬೆಣ್ಣೆ ಎಷ್ಟು, ಬಾವಿ ಎಷ್ಟು ಎಂದು ಹೇಳುವ ಕೆಲಸ. ಮುಂದೆ ಅದಕ್ಕೆ ಕರೆಂಟಿನ ಮಷೀನು ಬಂತು. ಆದರೆ ಮಷೀನು ಗುಂಯ್ ಎಂದು ಯೋಚನೆ ಮಾಡುವುದರೊಳಗೆ ನಾನು ಒಂದು ಹನಿ ನಾಲಿಗೆಗೆ ಹಚ್ಚಿ ಹೇಳಿಬಿಡುತ್ತಿದ್ದೆ. ಒಮ್ಮೆ ಅಪ್ಪಾಸಾಬ ತಂದ ಹಾಲು ನೆಕ್ಕಿ, "ಏನ್ ಅಪ್ಪಾಸಾಬ, ನಿನ್ನ ಎಮ್ಮಿ ಮುಂಜಾನೆ ಬಾವಿಗೆ ಬಿದ್ದಿತ್ತೇನು?" ಎಂದೆ. ಅವನು ತಲೆ ತುರಿಸಿಕೊಂಡು, "ಮಳಿ ಭಾಳ ಐತಲ್ಲ ಭರಮಣ್ಣ. ಹುಲ್ಲಾಗ ನೀರ ಇದ್ದೀತು" ಎಂದ. ಡೇರಿಯ ಕಟ್ಟೆ ಕಟ್ಟೆಯೇ ನಕ್ಕಿತು. ನನ್ನ ನಾಲಿಗೆಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಈ ಮಾತು ನೆನಪಿನಲ್ಲಿ ಇಟ್ಟುಕೊಳ್ಳಿ. ನಾನು ಮರೆಯಬೇಕೆಂದರೂ ಈಗ ಮರೆಯಲು ಬರುವುದಿಲ್ಲ.

ಇಂಥ ನಾಲಿಗೆಗೆ ತಕ್ಕ ಹೊಟ್ಟೆ ಸಿಗಲಿಲ್ಲ. ಡೇರಿಯಲ್ಲಿ ದಿನಕ್ಕೆ ಎಂಟು ಕಪ್ ಚಹಾ, ಸಂಜೆ ಪೇಪರಿನ ತುಣುಕಿನಲ್ಲಿ ಮಿರ್ಚಿ ಭಜಿ. ಅದರ ಫಲವನ್ನು ಬಿಡಿಸಿ ಬರೆಯಲು ನಾಚಿಕೆ. ಮುಂಜಾನೆ ಪೇಪರು ಹಿಡಿದು ಒಳಗೆ ಹೋದವನು ಮೊದಲ ಪುಟ, ಆಟದ ಪುಟ, ಟೆಂಡರ್ ನೋಟೀಸು ಎಲ್ಲ ಓದಿ ಮುಗಿಸಿದರೂ ಹೊರಗೆ ಬರುತ್ತಿರಲಿಲ್ಲ ಎಂದರೆ ತಿಳಿದುಕೊಳ್ಳಿ. ಹೊರಗಿನಿಂದ ಸುಲೋಚನಾಳ ದನಿ ಬರುತ್ತಿತ್ತು:

"ಏನ್ರಿ, ಇವತ್ತ ಪುರವಣಿನೂ ಐತೇನು?"

ಕೊನೆಗೆ ಅವಳೇ ನನ್ನನ್ನು ಚಿಕ್ಕೋಡಿಗೆ ಎಳೆದೊಯ್ದಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಭಜಿ ಕಡಿಮಿ ಮಾಡ್ರಿ. ನಾರು ಇರೂ ಕಾಯಿಪಲ್ಲೆ, ಹಣ್ಣ ತಿನ್ರಿ" ಎಂದರು. ಅವರು ಯಾವ ಹಣ್ಣೆಂದು ಹೇಳಿರಲಿಲ್ಲ. ಸೇಬು ಎನ್ನಬಹುದಿತ್ತು, ಬಾಳೆ ಎನ್ನಬಹುದಿತ್ತು. ಅಷ್ಟರಲ್ಲಿ ಸುಲೋಚನಾ ಸೆರಗು ಸರಿಮಾಡಿಕೊಂಡು, "ಪಪ್ಪಾಯಿ ನಡೀತೈತಲ್ರಿ, ಡಾಕ್ಟರ್?" ಎಂದಳು. "ಭೇಷ್ ನಡೀತೈತಿ" ಎಂದರು. ಅಲ್ಲಿಗೆ ತೀರ್ಪು ಆಯಿತು. ರೋಗಿಯನ್ನು ಯಾರೂ ಕೇಳಲಿಲ್ಲ.

ಅವಳಿಗೆ ಪಪ್ಪಾಯಿಯೇ ಏಕೆ ಹೊಳೆಯಿತೆಂದರೆ ನಮ್ಮ ಬಚ್ಚಲ ಹಿಂದೆ ಅದರ ಗಿಡವಿತ್ತು. ಒಂದು ಮುದಿಯಾಗುವಷ್ಟರಲ್ಲಿ ಇನ್ನೊಂದನ್ನು ಹಚ್ಚುತ್ತಿದ್ದಳು. ನಡುವೆ ಒಂದು ಗಂಡು ಗಿಡವೂ ಎದ್ದಿತ್ತು. ಅದು ಉದ್ದುದ್ದ ಎಳೆಗಳಲ್ಲಿ ಹೂ ಇಳಿಬಿಟ್ಟುಕೊಂಡು ನಿಲ್ಲುತ್ತಿತ್ತು, ಕಾಯಿ ಹಿಡಿಯುತ್ತಿರಲಿಲ್ಲ. ಅದನ್ನು ಕಡಿದುಬಿಡೋಣ ಎಂದರೆ ಸುಲೋಚನಾ, "ಇರ್ಲಿ ಬಿಡ್ರಿ. ಕೆಲಸ ಇಲ್ಲದ ಒಂದ ಗಂಡಸ ಮನಿಗೆ ಬೇಕ" ಎಂದು ನನ್ನ ಕಡೆ ನೋಡದೆ ಹೇಳಿದಳು.

ನನಗೂ ಪಪ್ಪಾಯಿಗೂ ಹಳೆಯ ವೈರ. ಒಂಬತ್ತು ವರ್ಷದವನಿದ್ದಾಗ ಕಾಕಾನ ಹೊಲದಲ್ಲಿ ಪಂದ್ಯ ಕಟ್ಟಿ, ಹಸಿ ಪಪ್ಪಾಯಿಯನ್ನು ಕಲ್ಲಿನಿಂದ ಒಡೆದು, ಉಪ್ಪು ಖಾರ ಹಚ್ಚಿ ಇಡೀ ಕಾಯಿ ತಿಂದಿದ್ದೆ. ಅದರ ಹಾಲು ತುಟಿಗೆ ಹತ್ತಿ ಮರುದಿನ ಎರಡೂ ತುಟಿ ಬದನೆಕಾಯಿಯಷ್ಟಾದವು. ಶಾಲೆಯಲ್ಲಿ ಮಾಸ್ತರರು, "ಏನಲೇ ಭರಮ್ಯಾ, ಇವತ್ತ ಯಾರ ತುಟಿ ಹಾಕ್ಕೊಂಡ ಬಂದಿ?" ಎಂದು ಇಡೀ ವರ್ಗಕ್ಕೆ ನನ್ನನ್ನು ತಿರುಗಿಸಿ ತೋರಿಸಿದರು. ಮನೆಗೆ ಬಂದರೆ ಅವ್ವ, ಕಾಯಿಯ ದೋಷಕ್ಕೆ ಹಣ್ಣೇ ಮದ್ದು ಎಂದು ಕಳಿತ ಪಪ್ಪಾಯಿ ಬಾಯಿಗೆ ತುರುಕಿದಳು. ಹೊಡೆದವನ ಕೈಯಿಂದಲೇ ಮುಲಾಮು ಹಚ್ಚಿಸಿಕೊಂಡಂತಾಯಿತು. ಅಂದಿನಿಂದ ಅದರ ವಾಸನೆ ಬಂದರೆ ತುಟಿ ತುರಿಸುತ್ತದೆ.

ಚಿಕ್ಕೋಡಿಯಿಂದ ಬಂದ ಮರುದಿನದಿಂದ ಮುಂಜಾನೆ ಎದ್ದರೆ ಎದುರಿಗೆ ಸ್ಟೀಲ್ ತಾಟು, ತಾಟಿನಲ್ಲಿ ಅರ್ಧಚಂದ್ರಾಕಾರದ ಆರು ತುಂಡು. ನಾನು ತಿಂದು ಮುಗಿಸುವವರೆಗೆ ಅವಳು ಕದಲುತ್ತಿರಲಿಲ್ಲ. ನಾಯಿಗೆ ಹಾಕಿ ನೋಡಿದೆ. ಅದು ಮೂಸಿ ನನ್ನ ಮುಖವನ್ನೇ ನೋಡಿತು. ಎಮ್ಮೆಗೆ ಹಾಕಿದೆ. ಅದು ಕಣ್ಣು ಮುಚ್ಚಿ ತಿಂದಿತು, ಗೆದ್ದೆ ಎಂದುಕೊಂಡೆ. ಆದರೆ ಮೂರೇ ದಿನಕ್ಕೆ ಸಿಕ್ಕಿಬಿದ್ದೆ. ಪಪ್ಪಾಯಿಯ ಗುಣ ಎಮ್ಮೆಯ ಮೇಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ, ಮತ್ತು ನಮ್ಮ ಮನೆಯಲ್ಲಿ ಸೆಗಣಿ ಬಳಿಯುವವಳು ಸುಲೋಚನಾ.

ಆಗ ನನಗೆ ಹೊಳೆದದ್ದು ಮಹಾರಾಜರ ದಾರಿ.

ನಮ್ಮ ಜೈನರಲ್ಲಿ ಮುನಿ ಮಹಾರಾಜರು ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಪ್ರವಚನ ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಮುಂದೆ ಹೋಗಿ ಕೂತು, ತಮಗೆ ಪ್ರಿಯವಾದ ಒಂದು ವಸ್ತುವನ್ನು ಬಿಡುವ ನಿಯಮ ತೆಗೆದುಕೊಳ್ಳುತ್ತಾರೆ. ಒಮ್ಮೆ ತೆಗೆದುಕೊಂಡರೆ ಮುಗಿಯಿತು, ಮನೆಯವರು ಕೂಡ ಆ ವಸ್ತುವನ್ನು ನಿಮ್ಮ ತಾಟಿಗೆ ಹಾಕುವಂತಿಲ್ಲ. ಇದರಲ್ಲಿ ನಿಜವಾಗಿ ಬಿಡುವವರೇ ಬಹಳ. ನಡುನಡುವೆ ನಮ್ಮಂಥವರೂ ಇರುತ್ತೇವೆ. ಅಪ್ಪಾಸಾಬ ನಾಲ್ಕು ತಿಂಗಳು ದ್ರಾಕ್ಷಿ ಬಿಟ್ಟಿದ್ದ. ಆ ನಾಲ್ಕು ತಿಂಗಳು ನಮ್ಮ ಕಡೆ ಬಳ್ಳಿಯ ಮೇಲೆ ದ್ರಾಕ್ಷಿಯೇ ಇರುವುದಿಲ್ಲ. ಇನ್ನೊಬ್ಬರು ಗೋಡಂಬಿ ಬಿಟ್ಟರು. ಅವರ ಮನೆಗೆ ಗೋಡಂಬಿ ಬಂದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಮಹಾರಾಜರಿಗೆ ಇದು ತಿಳಿಯುವುದಿಲ್ಲವೆಂದಲ್ಲ. ಸಣ್ಣ ಬಾಗಿಲಿನಿಂದಾದರೂ ಒಳಗೆ ಬರಲಿ ಎಂದು ಸುಮ್ಮನಿರುತ್ತಾರೆ.

ಎರಡು ಸಾವಿರದ ಆರನೆಯ ಇಸವಿಯೋ ಏಳೋ, ಆ ಮಳೆಗಾಲ ನಮ್ಮೂರ ಬಸದಿಯಲ್ಲಿ ಮಹಾರಾಜರು ಇದ್ದರು. ಒಂದು ರವಿವಾರ ನಾನು ಮುಂದೆ ಹೋಗಿ ಕೈ ಮುಗಿದು ಕೂತೆ. ಹೆಂಗಸರ ಸಾಲಿನಲ್ಲಿ ಸುಲೋಚನಾ, ಅವಳ ಪಕ್ಕಕ್ಕೆ ನಮ್ಮ ನೆರೆಮನೆಯ ಅಕ್ಕಾತಾಯಿ ವೈನಿ ಕೂತಿದ್ದರು.

"ಏನ ಬಿಡ್ತಿ?" ಎಂದರು ಮಹಾರಾಜರು.

"ಪಪ್ಪಾಯಿ ಬಿಡ್ತೀನ್ರಿ. ಕಾಯಿನೂ ಬ್ಯಾಡ, ಹಣ್ಣೂ ಬ್ಯಾಡ." ಸುಲೋಚನಾ ಕಾಯಿಪಲ್ಯದ ಸಂದಿಯಿಂದ ನುಸುಳಬಾರದೆಂದು ಎರಡನ್ನೂ ಮುಚ್ಚಿದ್ದೆ.

"ನಿನಗ ಭಾಳ ಸೇರತೈತೇನು?"

ಬಸದಿಯಲ್ಲಿ ಕೂತು ಸುಳ್ಳು ಹೇಳುವ ಧೈರ್ಯ ಆಗಲಿಲ್ಲ. "ದಿನಾ ಮುಂಜಾನೆ ತಾಟಿನಾಗ ಇರತೈತ್ರಿ, ಮಹಾರಾಜ" ಎಂದೆ.

"ದಿನಾ ತಿನ್ನೂದನ್ನ ಬಿಡೂದು ಸಣ್ಣ ಮಾತಲ್ಲ. ಎಷ್ಟ ದಿನ?"

"ಜೀವ ಇರೂತನಕ."

ಬಸದಿಯಲ್ಲಿ ಗುಜುಗುಜು ಎದ್ದಿತು. ಯಾರೋ ಹಿರಿಯರು ಹಿಂದಿನಿಂದ ನನ್ನ ಬೆನ್ನು ಸವರಿದರು. ನಾನು ತಲೆ ತಗ್ಗಿಸಿಕೊಂಡೆ. ಭಕ್ತಿಯಿಂದ ಎಂದು ಜನ ತಿಳಿದರು. ನಗು ಕಾಣಬಾರದೆಂದು ತಗ್ಗಿಸಿದ್ದು.

ಮನೆಗೆ ಹೋಗುವಾಗ ನೀರಿನ ಟಾಕಿಯ ಹತ್ತಿರ ಬಂದಾಗ ಸುಲೋಚನಾ ಹೇಳಿದಳು:

"ಮಹಾರಾಜರ ಮುಂದ ಸುಳ್ಳ ಹೇಳಿದ್ರಿ."

"ಏನ ಸುಳ್ಳ ಹೇಳ್ದೆ? ದಿನಾ ತಾಟಿನಾಗ ಇರೂದಿಲ್ಲೇನು?"

"ಸುಳ್ಳ ಹೇಳಲಿಲ್ಲ. ಖರೇನೂ ಹೇಳಲಿಲ್ಲ."

"ಆತು, ಈಗ ನಿಯಮ ಆಗೇತಿ. ಇನ್ನ ಮ್ಯಾಲ ನನಗ ಕೊಟ್ರ ಪಾಪ ನಿನಗ ಹತ್ತತೈತಿ ನೋಡು."

ಅವಳು ನಿಂತಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹೌದಲ್ಲ" ಎಂದು ಮತ್ತೆ ನಡೆದಳು. ಆ 'ಹೌದಲ್ಲ' ಎಂಬುದನ್ನು ನಾನು ಸೋಲು ಎಂದು ತಿಳಿದೆ.

ಮರುದಿನ ತಾಟಿನಲ್ಲಿ ಪಪ್ಪಾಯಿ ಇರಲಿಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ವಿಚಿತ್ರವೆಂದರೆ ನನ್ನ ಹೊಟ್ಟೆ ಸುಧಾರಿಸಿತು. ಪೇಪರು ಮೊದಲ ಪುಟದಲ್ಲಿಯೇ ಮುಗಿಯತೊಡಗಿತು. ಕೆಲವು ದಿನ ಕನ್ನಡಕ ಹಾಕಿಕೊಳ್ಳುವುದರೊಳಗೇ ಕೆಲಸ ಆಗಿರುತ್ತಿತ್ತು. ನನಗೆ ಇದು ತ್ಯಾಗದ ಫಲವೆಂದು ಖಾತ್ರಿಯಾಯಿತು. ಡೇರಿಯ ಕಟ್ಟೆಯ ಮೇಲೆ ಕೂತು, "ಪಪ್ಪಾಯಿ ಬಿಡ್ರಪಾ, ಹೊಟ್ಟಿ ಹೂ ಆಗತೈತಿ" ಎಂದು ಉಪದೇಶ ಮಾಡಿದೆ. ನನ್ನ ಮಾತು ಕೇಳಿ ಇಬ್ಬರು ಬಿಟ್ಟರು. ಅವರಲ್ಲಿ ಒಬ್ಬ ತಿಂಗಳ ಮೇಲೆ ಬಂದು, "ನಿನ್ನ ಮಾತ ಕೇಳಿ ಕೆಟ್ಟೆ, ಭರಮಣ್ಣ. ಇದ್ದದ್ದೂ ನಿಂತೈತಿ" ಎಂದ. "ನಿನಗ ಶ್ರದ್ಧಾ ಕಡಿಮಿ" ಎಂದು ಅವನನ್ನು ಕಳಿಸಿಬಿಟ್ಟೆ.

ಮನೆಯಲ್ಲಿಯೂ ಸುಮ್ಮನಿರುತ್ತಿರಲಿಲ್ಲ. ಸುಲೋಚನಾ ಮಾತ್ರ ಕ್ಯಾಲೆಂಡರಿನ ಹಾಳೆ ಸಿಕ್ಕಾಗ ಮೊದಲಿನಂತೆಯೇ ಓದುತ್ತಿದ್ದಳು. "ಪಪ್ಪಾಯದಾಗ ಇರೂ ನಾರು ಹೊಟ್ಟಿ ಹಗರ ಮಾಡತೈತಂತ್ರಿ." ನಾನು ನಿಟ್ಟುಸಿರು ಬಿಟ್ಟು, "ಏನ ಮಾಡೂದು, ನನ್ನ ನಸೀಬದಾಗ ಇಲ್ಲ" ಎನ್ನುತ್ತಿದ್ದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಪಾಪ, ನನ್ನನ್ನು ನೋಡಿ ಸಂಕಟಪಡುತ್ತಾಳೆ ಎಂದುಕೊಳ್ಳುತ್ತಿದ್ದೆ. ಗಿಡದಲ್ಲಿ ಕಾಯಿ ಕಂಡು, ನಾಲ್ಕು ದಿನ ಬಿಟ್ಟು ನೋಡಿದರೆ ಇರುತ್ತಿರಲಿಲ್ಲ. ಕೇಳಿದರೆ, "ಅಕ್ಕಾತಾಯಿಗೆ ಕೊಟ್ಟೆ" ಎನ್ನುತ್ತಿದ್ದಳು. ಅಕ್ಕಾತಾಯಿ ವೈನಿಯ ಮನೆಯವರ ಹೊಟ್ಟೆಯ ಗತಿ ಏನಾಗಿರಬೇಕು ಎಂದು ನಾನು ಮನಸ್ಸಿನಲ್ಲೇ ಮರುಕಪಟ್ಟದ್ದೂ ಉಂಟು.

ಆ ಮಳೆಗಾಲದಿಂದಲೇ ಸುಲೋಚನಾ ಕೂಡ ಒಂದು ನಿಯಮ ಹಿಡಿದಳು. ವಾರದಲ್ಲಿ ಮೂರು ದಿನವೋ ನಾಲ್ಕು ದಿನವೋ ಉಪ್ಪಿಲ್ಲದ ಊಟ. ನಮ್ಮಲ್ಲಿ ಉಪ್ಪು, ತುಪ್ಪ, ಸಕ್ಕರೆ ಹೀಗೆ ರಸ ಬಿಡುವುದು ಹೊಸತಲ್ಲ. ಆದರೆ ಅವಳ ದಿನಗಳಿಗೆ ತಾಳಮೇಳ ಇರಲಿಲ್ಲ. ಅಷ್ಟಮಿಯಲ್ಲ, ಚತುರ್ದಶಿಯಲ್ಲ.

"ಇವತ್ತ ಯಾವ ತಿಥಿ?" ಎಂದೆ ಒಮ್ಮೆ.

"ನಂದ ತಿಥಿ" ಎಂದಳು.

ಆ ದಿನಗಳಲ್ಲಿ ನನಗೆ ಮಾತ್ರ ಸುಗ್ಗಿ. ಅವಳು ಮಾಡುವ ಸೋರೆಕಾಯಿ ಥಾಲಿಪೀಠದಂಥದು ಈ ಸೀಮೆಯಲ್ಲಿ ಇರಲಿಲ್ಲ. ಉಳ್ಳಾಗಡ್ಡಿ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ. ಜೋಳದ ಹಿಟ್ಟು, ಕಡಲೆ ಹಿಟ್ಟು, ಹಸಿಮೆಣಸು, ಜೀರಿಗೆ, ಎಳ್ಳು, ತುರಿದ ಸೋರೆಕಾಯಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ತೂತಿಗೆ ಎಣ್ಣೆ ಬಿಟ್ಟು ಸುಡುತ್ತಿದ್ದಳು. ಅಂಚು ಗರಿಗರಿ, ನಡುವೆ ಮೆತ್ತಗೆ. ಹಿಟ್ಟಿಗೆ ಉಪ್ಪು ಹಾಕುವ ಮೊದಲೇ ಒಂದು ಉಂಡೆ ತೆಗೆದು ಬದಿಗೆ ಇಡುತ್ತಿದ್ದಳು. ಅದು ಅವಳದು. ನಾನು ಅವಳ ಎದುರಿಗೇ ಕೂತು, ಲಿಂಬೆಯ ಉಪ್ಪಿನಕಾಯಿ ನೆಕ್ಕಿ ಚಪ್ಪರಿಸಿ, "ಆಹಾ, ಉಪ್ಪ ಹೆಂಗ ಕುಂತೈತಿ ನೋಡು" ಎನ್ನುತ್ತಿದ್ದೆ. ಅವಳು ತನ್ನ ಸಪ್ಪೆ ತುಂಡನ್ನು ಮೊಸರಿನಲ್ಲಿ ಅದ್ದಿ, "ತಿನ್ರಿ, ತಿನ್ರಿ. ಇನ್ನೊಂದ ಹಾಕ್ಲಿ?" ಎನ್ನುತ್ತಿದ್ದಳು.

ಹೀಗೆ ಒಂಬತ್ತು ವರ್ಷ.

ಒಂದು ಮುಂಜಾನೆ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಸುಲೋಚನಾ ಹಾಲು ಸೀಯಿಸಿದವಳೇ ಅಲ್ಲ. ಎದ್ದು ಹೋಗಿ ನೋಡಿದರೆ ಅವಳು ಒಲೆಯ ಮುಂದೆ ಬಿದ್ದಿದ್ದಳು. ಮಗ ಅಜಿತ ಗಾಡಿ ತಂದ, ಚಿಕ್ಕೋಡಿಗೆ ಹೊರಟೆವು. ಅರ್ಧ ದಾರಿಯಲ್ಲಿಯೇ ಅವಳ ಕೈ ತಣ್ಣಗಾಗಿತ್ತು. ಇದರ ಮೇಲೆ ಬರೆಯಲು ನನಗೆ ಏನೂ ತೋಚುವುದಿಲ್ಲ. ಆರೋಗ್ಯದ ಪುಟ ಓದಿದವಳು ಹೋದಳು, ಅದನ್ನು ಕೇಳಿ ಆಕಳಿಸಿದವನು ಉಳಿದೆ.

ಆರು ತಿಂಗಳಿಗೆ ಅಜಿತನ ಮದುವೆಯಾಯಿತು. ಹುಡುಗಿಯನ್ನು ನೋಡಿ ಗೊತ್ತು ಮಾಡಿದವಳು ಸುಲೋಚನಾಳೇ. ವೈಶಾಲಿ ಹೊಳೆಯ ಆಚೆ, ಶಿರೋಳದ ಕಡೆಯವಳು. ಮರಾಠಿಯಲ್ಲಿ ಶುರುಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಾಳೆ. ನನ್ನನ್ನು ಮಾಮಾ ಎನ್ನುತ್ತಾಳೆ. ಅಡುಗೆ ಚೆನ್ನಾಗಿಯೇ ಮಾಡುತ್ತಾಳೆ. ಆದರೆ ನನ್ನ ಹೊಟ್ಟೆ ಮತ್ತೆ ಕೈಕೊಟ್ಟಿತು, ಪೇಪರು ಮತ್ತೆ ಟೆಂಡರ್ ನೋಟೀಸಿಗೆ ಬಂತು. ದುಃಖ ಹೊಟ್ಟೆಗೆ ಇಳಿದಿದೆ ಎಂದುಕೊಂಡೆ. ನನಗೆ ಒಂದೇ ಆಸೆ ಉಳಿದಿತ್ತು. ಆ ಸೋರೆಕಾಯಿ ಥಾಲಿಪೀಠವನ್ನು ಒಂದೇ ಒಂದು ಸಲ ತಿನ್ನಬೇಕು.

ವೈಶಾಲಿ ಮಾಡಿದಳು. ತುಂಡು ಬಾಯಿಗೆ ಇಟ್ಟ ತಕ್ಷಣ ನಾನು ತಲೆ ಅಲ್ಲಾಡಿಸಿದೆ.

"ಕಾ ಬರಾ, ಮಾಮಾ? ಏನ ಕಡಿಮಿ ಆಗೈತಿ?"

"ಫ್ಯಾಟ್ ಕಡಿಮಿ ಐತಿ."

"ಮಾಮಾ, ಇದು ಹಾಲಲ್ರಿ" ಎಂದಳು.

ಮರುವಾರ ಮತ್ತೆ ಮಾಡಿದಳು. ದುಧಿ, ಅಂದರೆ ಅವಳ ಕಡೆಯ ಸೋರೆಕಾಯಿ, ಎಳೆಯದಿರಬೇಕು ಎಂದಳು. ಎಳೆಯದು ಬಂತು. ಬಲಿತದ್ದು ಬಂತು. ನಿಪ್ಪಾಣಿಯ ಬಜಾರದಿಂದ ದುಂಡಗಿನದು ಬಂತು. ಶಿರಗುಪ್ಪಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಅಜಿತ ಕಾಗವಾಡದ ಸಂತೆಯಿಂದ ಮೋಟಾರ್ ಸೈಕಲ್ಲಿನ ಟಾಕಿಯ ಮೇಲೆ ಒಂದನ್ನು ಮಗುವಿನ ಹಾಗೆ ಕೂರಿಸಿಕೊಂಡು ತಂದ. ರಾಯಬಾಗದ ಗೆಳೆಯನೊಬ್ಬ ಎರಡು ಕಳಿಸಿದ. ಅಥಣಿಯ ಕಡೆ ಅನಂತಪುರದಲ್ಲಿರುವ ನನ್ನ ತಂಗಿ ಕಂಡಕ್ಟರನ ಕೈಯಲ್ಲಿ ಕಳಿಸಿದ್ದು ಎಷ್ಟು ಉದ್ದವಿತ್ತೆಂದರೆ ಅದಕ್ಕೆ ಅರ್ಧ ಟಿಕೇಟು ತೆಗೆಯಬೇಕಿತ್ತು. ಎಲ್ಲವನ್ನೂ ತಿಂದು, ಎಲ್ಲದಕ್ಕೂ ತಲೆ ಅಲ್ಲಾಡಿಸಿದೆ. ಅಡುಗೆಮನೆಯ ಮೂಲೆ ಸೋರೆಕಾಯಿಯಿಂದ ತುಂಬಿ, ಅಜಿತ ಮನೆಗೆ ಬರುವುದನ್ನೇ ತಡಮಾಡತೊಡಗಿದ.

ಮೊನ್ನೆ, ಆ ಕ್ಯಾಲೆಂಡರಿನ ಹಾಳೆ ಸಿಕ್ಕ ದಿನವೇ, ಹೆಪ್ಪಿಗೆ ಮೊಸರು ಕೇಳಲು ಅಕ್ಕಾತಾಯಿ ವೈನಿ ಬಂದರು. ವೈಶಾಲಿ ಅನಂತಪುರದ ಸೋರೆಕಾಯಿಯ ಕೊನೆಯ ತುಂಡನ್ನು ತುರಿಯುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರು ಇತ್ತು. ಸೋರೆಕಾಯಿಗೆ ಕಣ್ಣೀರು ಬರಿಸುವ ಗುಣವಿಲ್ಲ. ಅದು ನನ್ನ ಗುಣ.

"ಯಾಕ ಬೇ ಪೋರಿ?" ಎಂದರು ವೈನಿ.

"ಅತ್ತ್ಯಾನ ಹಂಗ ಥಾಲಿಪೀಠ ಆಗವಲ್ದು ನೋಡ್ರಿ. ಏಳ ಊರ ದುಧಿ ಕಿಸದೇನಿ."

ವೈನಿ ನನ್ನನ್ನು ನೋಡಿದರು, ಸೋರೆಕಾಯಿಯನ್ನು ನೋಡಿದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಗಲು ಶುರುಮಾಡಿದರು. ಎಪ್ಪತ್ತು ದಾಟಿದ ಹೆಂಗಸು, ಉಸಿರು ಸಿಗದೆ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಏಳ ಊರ ತಿರುಗಿದ್ಯಲ್ಲೋ ಭರಮಣ್ಣ, ಬಚ್ಚಲ ಹಿಂದ ಒಂದ ಹೆಜ್ಜಿ ಹೋಗಲಿಲ್ಲೇನು?"

ನನಗೆ ಅರ್ಥವಾಗಲಿಲ್ಲ. ಬಚ್ಚಲ ಹಿಂದೆ ಸೋರೆಯ ಬಳ್ಳಿ ಇಲ್ಲ. ಪಪ್ಪಾಯಿಯ ಗಿಡ ಇದೆ.

ಅರ್ಥವಾಯಿತು.

"ಹಸಿ ಪಪ್ಪಾಯಿನೋ ಮಾರಾಯಾ" ಎಂದರು ವೈನಿ. "ಸಿಪ್ಪಿ ತಗದು ಕಿಸದ್ರ ನಿನಗ ಹೆಂಗ ತಿಳೀಬೇಕು? ಪಲ್ಯಾದಾಗೂ ಅದ, ಬ್ಯಾಳ್ಯಾಗೂ ಅದ. ಹಾಲಿನಾಗ ಒಂದ ಹನಿ ನೀರ ಇದ್ರ ಹೇಳಾಂವ ನೀನು. ನಾವಿಬ್ರೂ ನಕ್ಕ ನಕ್ಕ ಸತ್ತೇವಿ."

"ನಿಮ್ಮ ಮನಿಗೆ ಕೊಟ್ಟೆ ಅಂತಿದ್ಳಲ್ಲ?"

"ನಮ್ಮ ಮನಿಗೆ ಒಂಬತ್ತ ವರ್ಷದಾಗ ಒಂದ ಬೀಜ ಬಂದಿಲ್ಲ."

ನಾನು ಕೂತೆ. ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದುಕೊಂಡು ಕೂತೆ ಎಂದರೂ ಸರಿಯೇ. ಮೊದಲು ಬಂದದ್ದು ಸಿಟ್ಟು. "ನಿಯಮ ಇತ್ತು ನಂದು. ಪಾಪ ಅಲ್ಲೇನು ವೈನಿ?" ಎಂದೆ.

ವೈನಿಯ ನಗು ನಿಂತಿತು. ಹೇಳಲೋ ಬೇಡವೋ ಎಂದು ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು.

"ನಾನೂ ಹಂಗ ಅಂದೆ ಆಕಿಗೆ. ಸುಲೋಚನಾ, ಬ್ಯಾಡವಾ, ಪಾಪ ಹತ್ತತೈತಿ ಅಂದೆ. 'ಹತ್ತಲಿ ಬಿಡ್ರಿ ವೈನಿ, ಅವ್ರಿಗೆ ಗೊತ್ತಿಲ್ಲ, ಅವ್ರಿಗೆ ಹತ್ತೂದಿಲ್ಲ. ನನಗ ಹತ್ತಲಿ' ಅಂದ್ಳು. 'ಅವ್ರ ತಾಟಿಗೆ ಪಪ್ಪಾಯಿ ಹಾಕಿದ ದಿನ ನಾ ಉಪ್ಪ ಬಿಡ್ತನಿ' ಅಂದ್ಳು."

ವೈಶಾಲಿ ತುರಿಯುವುದನ್ನು ನಿಲ್ಲಿಸಿದ್ದಳು. ವೈನಿ ಮೊಸರಿನ ಬಟ್ಟಲು ತೆಗೆದುಕೊಂಡು, "ಯಾರ ಮುಂದೂ ಹೇಳಬ್ಯಾಡ ಅಂದಿದ್ಳು. ಹೇಳಿಬಿಟ್ಟೆ" ಎಂದು ಹೋದರು.

ನಾನು ಹಳೆಯ ದಿನಗಳನ್ನು ಎಣಿಸಲು ಹೋಗಲಿಲ್ಲ. ಎಣಿಕೆ ಬೇಕಾಗಿಯೂ ಇರಲಿಲ್ಲ. ನನಗೆ ಆ ಉಂಡೆಗಳು ಕಂಡವು, ಉಪ್ಪು ಬೀಳುವ ಮೊದಲೇ ಹಿಟ್ಟು ಕಲಸುವ ಪರಾತದ ಅಂಚಿಗೆ ಸರಿಸಿಟ್ಟ ಸಣ್ಣ ಸಣ್ಣ ಉಂಡೆಗಳು. ಎದುರಿಗೆ ಕೂತು ಉಪ್ಪಿನಕಾಯಿ ಚಪ್ಪರಿಸುವ ನಾನೂ ಕಂಡೆ. ಪಪ್ಪಾಯಿ ಬಿಟ್ಟು ಹೊಟ್ಟೆ ಹೂವಾಯಿತೆಂದು ಊರಿಗೆಲ್ಲ ಉಪದೇಶ ಮಾಡಿ ಬಂದವನ ತಾಟಿಗೆ ಅವಳು ಇನ್ನೊಂದು ಹಾಕುತ್ತಿದ್ದಳು. ನಾನು ಪುಣ್ಯವೆಂದು ಹೇಳಿಕೊಂಡು ತಿರುಗಿದ್ದೆಲ್ಲ ಅವಳು ಬಿಟ್ಟ ಉಪ್ಪು. ನೀರಿನ ಟಾಕಿಯ ಹತ್ತಿರ ಅಂದ 'ಹೌದಲ್ಲ' ಎಂಬುದಕ್ಕೆ ಏನು ಅರ್ಥವೆಂದು ಇಷ್ಟು ತಡವಾಗಿ ತಿಳಿಯಿತು.

ಕಿಸೆಯಿಂದ ಹಾಳೆ ತೆಗೆದು ಓದಿದೆ. ಮೊದಲ ಸಲ ನಾನೇ ಓದಿದೆ. ಅದರಲ್ಲಿ ಎಲ್ಲವೂ ಇತ್ತು: ಕಣ್ಣು, ಹೊಟ್ಟೆ, ನಾರು, ಪಪೇನ್. ಕಾಯಿಯನ್ನು ತುರಿದು ಥಾಲಿಪೀಠಕ್ಕೆ ಹಾಕಬಹುದು ಎಂದೂ ಕೊನೆಯ ಸಾಲಿನಲ್ಲಿ ಅಚ್ಚಾಗಿತ್ತು. ಆ ಸಾಲನ್ನು ಅವಳು ನನಗೆ ಎಂದೂ ಓದಿ ಹೇಳಿರಲಿಲ್ಲ. ಅರಿಸಿನದ ಹೆಬ್ಬೆರಳು ಅದರ ಮೇಲೆಯೇ ಇತ್ತು.

ಮರುದಿನ ವೈಶಾಲಿ ಬಚ್ಚಲ ಹಿಂದೆ ನಿಂತು, ಗಿಡದ ಮೇಲೆ ಕಣ್ಣಿಟ್ಟು, "ಮಾಮಾ, ಹರೀಲ್ಯಾ? ನಿಮ್ಮ ನಿಯಮ ಐತಲ್ಲ?" ಎಂದಳು.

ಹೌದು, ನಿಯಮವಿದೆ. ಇಷ್ಟು ದಿನ ಗೊತ್ತಿಲ್ಲದೆ ತಿಂದೆ, ಪಾಪ ಹೊರಲು ಒಬ್ಬಳಿದ್ದಳು. ಈಗ ಗೊತ್ತಿದ್ದು ತಿನ್ನುವುದು, ಹೊರುವವನು ನಾನೇ. ಮಹಾರಾಜರು ಮುಂದಿನ ಮಳೆಗಾಲ ಈ ಕಡೆ ಬಂದರೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಅವರು ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ.

"ಹರಿ" ಎಂದೆ. "ಹಾಲ ತುಟಿಗಿ ಹತ್ತಗೊಡಬ್ಯಾಡ."

ಅವಳು ಸಿಪ್ಪೆ ತೆಗೆದು ತುರಿದಳು. ಜೋಳದ ಹಿಟ್ಟು, ಕಡಲೆ ಹಿಟ್ಟು, ಮೆಣಸು, ಜೀರಿಗೆ, ಎಳ್ಳು ಕಲಸಿದಳು. ಉಪ್ಪಿನ ಭರಣಿಗೆ ಕೈ ಹಾಕುವಾಗ, "ನಿಂದರು. ನಂದೊಂದ ಉಂಡಿ ಮೊದಲ ತಗಿ" ಎಂದೆ.

ಅವಳು ನನ್ನ ಮುಖ ನೋಡಿದಳು. ಒಂದು ಉಂಡೆ ತೆಗೆದು ಪರಾತದ ಅಂಚಿಗೆ ಸರಿಸಿದಳು.

ಬಿಸಿ ಥಾಲಿಪೀಠ ತಾಟಿಗೆ ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ. ಉಪ್ಪೊಂದು ಇದ್ದಿದ್ದರೆ ಅದೇ. ಒಂದು ತುಂಡು ಮುರಿದು, ಮೊಸರಿನಲ್ಲಿ ಅದ್ದಿ ತಿಂದೆ. ತುಟಿ ತುರಿಸಲಿಲ್ಲ.

"ಹೆಂಗ ಆಗೈತ್ರಿ ಮಾಮಾ?"

"ಭಾಳ ಸಪ್ಪ ಐತಿ" ಎಂದೆ. "ಇನ್ನೊಂದ ಹಾಕು."